ನಾನು ಹೇಳೋ ತನಕ ಕಾಲು ತೆಗೀಬೇಡಿ

ಬ್ರೇಕ್ ಪೆಡಲ್ ಕಾಲಡಿಯಲ್ಲಿ ಬೆಣ್ಣೆಯ ಹಾಗೆ ಕುಸಿದು ತಳ ಮುಟ್ಟಿದಾಗ ಅವಳಿಗೆ ಮೊದಲು ನೆನಪಾದದ್ದು ತನ್ನ ಜೀವವಲ್ಲ, ಹಿಂದೆ ಪೇರಿಸಿಟ್ಟಿದ್ದ ಬಿಳಿ ಹಾಸುಗಳು. ಬೆಳಗಿನಿಂದ ನಿಂತು ಇಸ್ತ್ರಿ ಮಾಡಿದ್ದು. ಒಂದು ಮಡಿಕೆ ಕೆಟ್ಟರೂ ಅಕ್ಕ ಬೈಯುವುದಿಲ್ಲ, ಸುಮ್ಮನೆ ಮತ್ತೆ ಇಸ್ತ್ರಿ ಪೆಟ್ಟಿಗೆ ಕಾಯಿಸುತ್ತಾಳೆ. ಬೈದರೆ ಎಷ್ಟೋ ವಾಸಿ.

ಇಳಿಜಾರು ಬೀದಿ. ಗೇರ್ ಇಳಿಸಿದಳು, ಹ್ಯಾಂಡ್ ಬ್ರೇಕ್ ಎಳೆದಳು. ವ್ಯಾನು ಮುನಿಸಿಕೊಂಡ ಮುದಿ ಎತ್ತಿನ ಹಾಗೆ ಗುಟುರು ಹಾಕುತ್ತಾ ಬೀದಿಯ ಕೊನೆಗೆ ಬಂದು, ಅಲ್ಲಿ ಬಾಗಿಲು ತೆರೆದು ಕೂತಿದ್ದ ಗ್ಯಾರೇಜಿಗೆ ನೇರ ಹೊಕ್ಕು, ಒಳಗೆ ಜೋಡಿಸಿದ್ದ ಹಳೆಯ ಟೈರುಗಳಿಗೆ ಮೂಗೊತ್ತಿ ನಿಂತಿತು.

ಟೈರುಗಳ ಆಚೆ ಒಬ್ಬ ಕೂತಿದ್ದ. ಕೈಯಲ್ಲಿ ಚಹಾದ ಲೋಟ. ಒಂದು ಹನಿಯೂ ತುಳುಕಿರಲಿಲ್ಲ.

"ಬ್ರೇಕ್ ಹಿಡೀಲಿಲ್ಲ," ಎಂದಳು ಕಿಟಕಿಯಿಂದ.

"ಅನ್ನಿಸ್ತು."

"ನೀವು ಮೆಕ್ಯಾನಿಕ್ಕಾ?"

"ನಿಮ್ಮ ವ್ಯಾನಿಗೆ ಗೊತ್ತಿದ್ದ ಹಾಗಿದೆ. ದಾರಿ ಕೇಳ್ದೆ ಬಂದಿದೆ."

ಮೂಲೆಯ ಕುರ್ಚಿಯಿಂದ ಒಂದು ಮುದಿ ದನಿ ಕೇಳಿತು. "ಯಾರೋ ಅದು, ಬಾಗಿಲು ತಟ್ಟದೆ ಒಳಗೆ ಬಂದದ್ದು?"

"ವ್ಯಾನು, ಅಪ್ಪ."

"ಕೂರಕ್ಕೆ ಹೇಳು."

ಅವಳಿಗೆ ನಗು ಬಂತು. ನಗುವಿನ ಬೆನ್ನಿಗೇ ಕೈ ನಡುಗತೊಡಗಿತು. ಅವನು ಆ ಕೈಗಳನ್ನು ನೋಡಲಿಲ್ಲ, ಅಥವಾ ನೋಡದವನ ಹಾಗೆ ಇದ್ದ. ಎದ್ದು ಬಂದು ತನ್ನ ಲೋಟವನ್ನೇ ಆಚೆ ಬದಿಯ ಕಿಟಕಿಯೊಳಗೆ ಚಾಚಿದ. "ಹಿಡ್ಕೊಳ್ಳಿ. ಕುಡೀದಿದ್ರೂ ಪರವಾಗಿಲ್ಲ. ಬಿಸಿ ಲೋಟ ಹಿಡಿದ ಕೈ ಜಾಸ್ತಿ ಹೊತ್ತು ನಡುಗಲ್ಲ."

ಇಳಿಯಲು ಹೋದರೆ ಬಾಗಿಲು ತೆರೆಯಲಿಲ್ಲ. ಗ್ಯಾರೇಜು ವ್ಯಾನಿಗೆಂದೇ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗಿತ್ತು. ಅವಳ ಬದಿಯ ಗೋಡೆ ಬಾಗಿಲಿಗೆ ತಾಗಿಯೇ ಇತ್ತು. ಆಚೆ ಬದಿಗೆ ಸರಿದು ಇಳಿದರೆ ಅಲ್ಲೂ ಗೋಡೆ. ಒಬ್ಬರು ನಡೆಯುವಷ್ಟು ಸಂದು. ಎದುರಿನಿಂದ ಇನ್ನೊಬ್ಬರು ಬಂದರೆ ಇಬ್ಬರೂ ಅಡ್ಡ ತಿರುಗಬೇಕು, ಹೊಟ್ಟೆ ಒಳಗೆಳೆದುಕೊಳ್ಳಬೇಕು, ಮುಖ ಎಲ್ಲಿ ಇಟ್ಟುಕೊಳ್ಳುವುದೆಂದು ಯೋಚಿಸಬೇಕು.

ಆವತ್ತು ಅವಳು ಸೂರು ನೋಡಿದಳು. ಅವನು ತನ್ನ ಚಪ್ಪಲಿ ನೋಡಿಕೊಂಡ.

*

ಅವಳನ್ನು ಎಲ್ಲರೂ ಚಿಕ್ಕಿ ಎನ್ನುತ್ತಿದ್ದರು. ಅಕ್ಕನ ಮಕ್ಕಳು ಚಿಕ್ಕಮ್ಮನನ್ನು ಹಾಗೆ ಕರೆದವು, ಅಕ್ಕ ಕರೆದಳು, ಭಾವ ಕರೆದ, ಬಟ್ಟೆ ಕೊಡಲು ಬಂದವರೂ ಕರೆದರು. ತನಗಿಂತ ದೊಡ್ಡ ಮುದುಕಿಯರು ಕೂಡ "ಚಿಕ್ಕಿ, ನನ್ನ ಕೋಟು ಆಯ್ತಾ?" ಎಂದು ಕೇಳುವಾಗ ಅವಳಿಗೆ ತಾನು ಹುಟ್ಟಿದ್ದೇ ಯಾರದೋ ಚಿಕ್ಕಮ್ಮನಾಗಿ ಅನ್ನಿಸುತ್ತಿತ್ತು.

ಮನೆಯೇ ಲಾಂಡ್ರಿ, ಲಾಂಡ್ರಿಯೇ ಮನೆ. ಮುಂದಿನ ಕೋಣೆಯಲ್ಲಿ ಬಾಗಿಲಿಗಿಂತ ದೊಡ್ಡದಾದ ಇಸ್ತ್ರಿ ಮೇಜು, ಹಿಂದೆ ಹಬೆ, ಅಂಗಳದ ತುಂಬ ಒದ್ದೆ ಹಾಸುಗಳ ಗೋಡೆಗಳು. ಅವಳ ಮಂಚ ಊರವರ ಅಂಗಿಗಳು ನೇತಾಡುವ ಎರಡು ಸಾಲುಗಳ ನಡುವೆ. ಮಗ್ಗುಲು ಬದಲಿಸಿದರೆ ಯಾರದೋ ತೋಳು ಕೆನ್ನೆಗೆ ತಾಗುತ್ತಿತ್ತು, ತೋಳಿನೊಳಗೆ ಯಾರೂ ಇರುತ್ತಿರಲಿಲ್ಲ.

ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಬೆಳೆಸಿದ್ದು ಅಕ್ಕ. ತಲೆ ಬಾಚಿದ್ದು, ಜ್ವರ ಕಾಯ್ದದ್ದು, ಕೊನೆಗೆ ವ್ಯಾನ್ ಓಡಿಸಲು ಕಲಿಸಿದ್ದೂ ಅಕ್ಕನೇ. ಒಂದು ಕಾಲದಲ್ಲಿ ಅಕ್ಕ ಈ ವ್ಯಾನನ್ನು ಗಾಳಿಯ ಹಾಗೆ ಓಡಿಸುತ್ತಿದ್ದಳು. ಮಕ್ಕಳಾದವು, ಇಸ್ತ್ರಿ ಪೆಟ್ಟಿಗೆ ಕೈಗೆ ಅಂಟಿಕೊಂಡಿತು, ಸ್ಟಿಯರಿಂಗ್ ಚಿಕ್ಕಿಗೆ ಬಂತು. ಭಾವನಿಗೆ ದೂರದ್ದು ಕಾಣುವುದಿಲ್ಲ. ಹತ್ತಿರದ್ದೂ ಅಷ್ಟಕ್ಕಷ್ಟೆ.

ಈಗ ಲಾಂಡ್ರಿ ಬೇರೆ ಊರಿಗೆ ಹೊರಟಿತ್ತು. ಅಲ್ಲಿ ದೊಡ್ಡ ಜಾಗ, ದೊಡ್ಡ ಮಶೀನುಗಳು. ಆವತ್ತು ಸಂಜೆ ಭಾವ ಸೀಮೆಸುಣ್ಣ ಹಿಡಿದು ಆ ಹೊಸ ಜಾಗದ ನಕ್ಷೆಯನ್ನು ನೆಲದ ಮೇಲೆ ಬರೆದ.

"ಇಲ್ಲಿ ಮಶೀನು. ಇಲ್ಲಿ ಬಾಯ್ಲರ್. ಇಲ್ಲಿ ನಾವು, ಮಕ್ಕಳು. ಮೆಟ್ಟಿಲ ಕೆಳಗೆ ಇಲ್ಲಿ ಚಿಕ್ಕಿ."

"ಕಿಟಕಿ ಎಲ್ಲಿ, ಭಾವ?"

"ಮೆಟ್ಟಿಲಿಗೆ ಕಿಟಕಿ ಎಲ್ಲಿರುತ್ತೆ? ನೀನು ಹಗಲೆಲ್ಲಾ ವ್ಯಾನಲ್ಲಿ ಇರ್ತೀಯ. ಅಲ್ಲಿ ನಿನಗೆ ಸುತ್ತಲೂ ಕಿಟಕಿ." ಅವನು ಒಳ್ಳೆಯ ಮನಸ್ಸಿನಿಂದಲೇ ನಕ್ಕ. ಅವಳು ಆ ಸೀಮೆಸುಣ್ಣದ ಚೌಕದೊಳಗೆ ನಿಂತು ನೋಡಿದಳು. ಮಂಚ ಹಿಡಿಸುತ್ತಿತ್ತು. ಮಂಚ ಮಾತ್ರ.

"ಮೇಜು?" ಅಕ್ಕ ಕೇಳಿದಳು.

"ಅದು ಅಲ್ಲಿನ ಬಾಗಿಲಲ್ಲಿ ಹೋಗಲ್ಲ. ಇಲ್ಲೇ ಬಿಡಬೇಕು. ಮೇಲಿನ ಮನೆ ಟೈಲರಮ್ಮ ಮುಂದಿನ ಕೋಣೆ ತಗೋತಾರಂತೆ, ಅವರಿಗೂ ಮೇಜು ಬೇಕಲ್ಲ."

ಚಿಕ್ಕಿ ಮೇಜನ್ನು ನೋಡಿದಳು. ಜೀವಮಾನದಲ್ಲಿ ಮೊದಲ ಸಲ ಒಂದು ಮೇಜಿನ ಮೇಲೆ ಹೊಟ್ಟೆಕಿಚ್ಚಾಯಿತು.

"ಬ್ರೇಕ್ ಸರಿಹೋಗಲಿ, ಮಾರನೇ ದಿನವೇ ಹೊರಡೋದು," ಎಂದ ಭಾವ. "ಚಿಕ್ಕಿ, ನೀನೇ ಹೋಗಿ ಗ್ಯಾರೇಜಲ್ಲಿ ಕೂತ್ಕೋ. ಎದುರಿಗೆ ಕೂರದಿದ್ರೆ ಈ ಮೆಕ್ಯಾನಿಕ್‌ಗಳು ಕೆಲಸ ಮುಗಿಸಲ್ಲ."

*

ಮೆಕ್ಯಾನಿಕ್ ವ್ಯಾನಿನ ಕೆಳಗೆ ಮಲಗಿದ್ದ. ಅವನ ಪಾದಗಳು ಮಾತ್ರ ಹೊರಗಿದ್ದವು. ಅವಳು ಪಾದಗಳೊಂದಿಗೇ ಮಾತಾಡಿದಳು.

"ಏನಾಗಿದೆ?"

"ಬಗ್ಗಿ ನೋಡಿ. ಟಾರ್ಚ್ ಅಲ್ಲಿದೆ."

ಅವಳು ಗೋಣಿ ಹಾಸಿ ಪಕ್ಕದಲ್ಲಿ ಮಲಗಿದಳು. ವ್ಯಾನಿನ ಹೊಟ್ಟೆ ಮೂಗಿನ ಮೇಲೇ ಇತ್ತು. ಮುಂದಿನಿಂದ ಹಿಂದಿನ ಚಕ್ರದವರೆಗೆ ಬೆರಳಿಗಿಂತ ತೆಳುವಾದ ಕಬ್ಬಿಣದ ಪೈಪುಗಳು ಹರಿದಿದ್ದವು. ಪೆಡಲ್ ಒತ್ತಿದಾಗ ಅದರೊಳಗಿನ ಎಣ್ಣೆಯೇ ಚಕ್ರವನ್ನು ಹಿಡಿದು ನಿಲ್ಲಿಸುವುದು. ಅವನು ಒಂದು ಪೈಪಿಗೆ ಉಗುರು ತಾಗಿಸಿದ. ತುಕ್ಕು ಹಪ್ಪಳದ ಹಾಗೆ ಪುಡಿಪುಡಿಯಾಗಿ ಅವಳ ಕೊರಳ ಮೇಲೆ ಉದುರಿತು.

"ಇದು ಪೈಪ್ ಅಲ್ಲ," ಎಂದ. "ಪೈಪಿನ ನೆನಪು."

"ಒಡೆದದ್ದು ಒಂದೇ ಕಡೆ ಅಲ್ವಾ? ಅಲ್ಲಿಗೊಂದು ತುಂಡು ಹಾಕಿದ್ರೆ?"

"ಪಕ್ಕದ್ದು ಒಡೆಯುತ್ತೆ. ಎಲ್ಲಾ ಒಂದೇ ವಯಸ್ಸಿನವು. ಪೂರ್ತಿ ಬದಲಿಸಬೇಕು."

"ರೆಡಿಮೇಡ್ ಸಿಗಲ್ವಾ?"

"ಈ ವ್ಯಾನಿಗಾ? ಇದನ್ನ ಮಾಡಿದವರೇ ಇದನ್ನ ಮರೆತಿದ್ದಾರೆ. ಸುರುಳಿ ಪೈಪ್ ತಂದು ಕೈಯಲ್ಲೇ ಬಗ್ಗಿಸ್ಬೇಕು. ಹಳೇ ಪೈಪ್ ಇಡಿಯಾಗಿ ಕೈಗೆ ಬಂದಿದ್ರೆ ಅದನ್ನ ನೋಡ್ಕೊಂಡು ಬಗ್ಗಿಸಬಹುದಿತ್ತು. ಇದು ಮುಟ್ಟಿದ್ರೆ ಪುಡಿ ಆಗ್ತಿದೆ."

"ಆಕಾರ ಬೇಕು, ಅಷ್ಟೇ ತಾನೆ?"

ಅವಳು ತೆವಳಿ ಹೊರಬಂದಳು. ವ್ಯಾನಿನ ಹಿಂದಿನಿಂದ ಬಟ್ಟೆ ನೇತುಹಾಕುವ ಒಂದು ತಂತಿ ಹ್ಯಾಂಗರ್ ತಂದಳು. ಅದರ ಕುತ್ತಿಗೆ ತಿರುಚಿ ಬಿಚ್ಚಿ, ಮೊಣಕಾಲಿಗೆ ಒತ್ತಿ ನೇರ ಮಾಡಿ, ಮತ್ತೆ ಒಳಗೆ ತೂರಿ, ಹಳೆಯ ಪೈಪಿನ ಪಕ್ಕಕ್ಕೇ ಹಿಡಿದು ತಿರುವು ತಿರುವಿಗೂ ತಂತಿಯನ್ನು ಬಗ್ಗಿಸುತ್ತಾ ಹೋದಳು. ಒಂದು ಹ್ಯಾಂಗರ್ ಮುಗಿದ ಕಡೆ ಇನ್ನೊಂದನ್ನು ಸೇರಿಸಿ ಸುತ್ತಿದಳು. ಕೊನೆಗೆ ಹೊರತೆಗೆದಾಗ ವ್ಯಾನಿನ ಹೊಟ್ಟೆಯೊಳಗಿನ ಗುಟ್ಟಿನ ದಾರಿಯೆಲ್ಲಾ ಅವಳ ಕೈಯಲ್ಲಿತ್ತು.

ಅವನು ತಂತಿಯನ್ನು ನೋಡಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ.

"ತುಕ್ಕು ಮೆತ್ತಿದೆ," ಎಂದ, ಸಿಕ್ಕಿಬಿದ್ದವನ ಹಾಗೆ.

"ಎಲ್ಲಿ?"

"ಎಲ್ಲಾ ಕಡೆ."

ಕುರ್ಚಿಯಿಂದ ಅವನ ಅಪ್ಪ ಕತ್ತು ಚಾಚಿದರು. ಆ ಬೀದಿಯವರಿಗೆಲ್ಲಾ ಅವರು ದೊಡ್ಡವರು. ಮಂಡಿ ಸೋತ ಮೇಲೆ ಕೆಲಸ ಬಿಟ್ಟಿದ್ದರು, ಮಾತು ಬಿಟ್ಟಿರಲಿಲ್ಲ. "ಏನಮ್ಮಾ ಅದು, ತಂತಿಯಲ್ಲಿ ಹಾವು ಮಾಡಿದೀಯಾ?"

"ಪೈಪಿನ ಅಳತೆ, ದೊಡ್ಡವರೇ."

"ಭೇಷ್. ಇವನಿಗೆ ಇಷ್ಟು ವರ್ಷದಲ್ಲಿ ಹೊಳೀಲಿಲ್ಲ ನೋಡು. ಯಾಕೆ ಅಂದ್ರೆ ಇವನ ಅಂಗಿಗೆ ಹ್ಯಾಂಗರ್ ಕಂಡೇ ಗೊತ್ತಿಲ್ಲ. ಮೊಳೆಗೆ ತಗಲಿಹಾಕ್ತಾನೆ."

ಮಾರನೇ ದಿನ ಅವಳು ಬಂದಾಗ ಗ್ಯಾರೇಜಿನ ಮೊಳೆಯಲ್ಲಿ ಒಂದು ಹ್ಯಾಂಗರ್ ಇತ್ತು. ಹ್ಯಾಂಗರಿನಲ್ಲಿ ಅವನ ಅಂಗಿ ತುಂಬಾ ಮರ್ಯಾದೆಯಿಂದ ನೇತಾಡುತ್ತಿತ್ತು. ಅವಳು ಹಾದುಹೋಗುವಾಗ ಅದರ ಕಾಲರ್ ಸರಿಮಾಡಿದಳು. ಹಾಗೆ ಮಾಡುವಾಗ ಅವನು ನೋಡುತ್ತಿದ್ದಾನೆಂದು ಗೊತ್ತಿತ್ತು, ಆದ್ದರಿಂದ ಸ್ವಲ್ಪ ನಿಧಾನವಾಗಿಯೇ ಮಾಡಿದಳು.

*

ಹೊಸ ಪೈಪು ತಾಮ್ರ ಬೆರೆತದ್ದು, ತುಕ್ಕು ಹಿಡಿಯುವುದಿಲ್ಲ. ಸುರುಳಿ ಬಿಚ್ಚಿ ಹಲಗೆಯ ಮೇಲೆ ಅಂಗೈಯಲ್ಲಿ ಉರುಳಿಸಿ ಉರುಳಿಸಿ ನೇರ ಮಾಡಬೇಕು. ಒಂದು ತುದಿ ಅವನು, ಇನ್ನೊಂದು ತುದಿ ಅವಳು. ಆಮೇಲೆ ತಂತಿಯನ್ನು ನೋಡಿಕೊಂಡು ಬಗ್ಗಿಸುವುದು.

"ತಿರುವು ಎಲ್ಲಿದೆಯೋ ಅಲ್ಲಿ ಹೆಬ್ಬೆರಳು ಇಡಿ," ಎಂದ. "ಒತ್ತಬೇಡಿ. ಇದಕ್ಕೆ ಹೊರಗಿನಿಂದ ಒಳ್ಳೇ ಮಾತಲ್ಲಿ ಹೇಳ್ಬೇಕು. ಅವಸರ ಮಾಡಿದ್ರೆ ನೆಗ್ಗುತ್ತೆ. ನೆಗ್ಗಿದ ಕಡೆ ಎಣ್ಣೆ ಹರಿಯಲ್ಲ."

"ನೆಗ್ಗಿದ್ದನ್ನ ಸರಿ ಮಾಡೋಕಾಗಲ್ವಾ?"

"ನೋಡಕ್ಕೆ ಸರಿ ಮಾಡಬಹುದು. ಒಳಗೆ ಕಟ್ಟಿಕೊಂಡೇ ಇರುತ್ತೆ."

ಅವಳು ಪೈಪಿನತ್ತ ನೋಡಿಕೊಂಡೇ ಕೇಳಿದಳು, "ಮನುಷ್ಯರ ವಿಷಯ ಹೇಳ್ತಿದೀರಾ?"

"ಇಲ್ಲಪ್ಪಾ. ಪೈಪಿನ ವಿಷಯ." ಆಮೇಲೆ ನಿಧಾನವಾಗಿ, "ಯಾಕೆ, ಯಾರು ನೆಗ್ಗಿದ್ದು?"

ಅವಳು ಹೊಸ ಊರಿನ ಬಗ್ಗೆ ಹೇಳಿದಳು. ಸೀಮೆಸುಣ್ಣದ ಚೌಕದ ಬಗ್ಗೆ ನಗಿಸುವ ಹಾಗೆ ಹೇಳಿದಳು. ಅವನು ನಗಲಿಲ್ಲ. ಪೈಪು ಹಲಗೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ಯಾವಾಗ?"

"ಇದು ಮುಗಿದ ಮಾರನೇ ದಿನ."

ಆ ಪೈಪಿನ ತುದಿಯನ್ನು ಅವನು ಅಚ್ಚಿನಲ್ಲಿಟ್ಟು ಬಿಗಿದ. ಪ್ರತಿ ತುದಿಯನ್ನೂ ಹೂವಿನ ಬಾಯಿಯ ಹಾಗೆ ಅರಳಿಸಬೇಕು, ಆಗಲೇ ಎಣ್ಣೆ ಸೋರದ ಹಾಗೆ ಕೂರುತ್ತದೆ. ಅವನು ಅಚ್ಚು ತಿರುಗಿಸಿದ, ಅರಳಿಸಿದ, ಬೆಳಕಿಗೆ ಹಿಡಿದು ನೋಡಿದ. ಚೆಂದ ಬಂದಿತ್ತು. ಆಮೇಲೆ ಅಂಗೈಯಲ್ಲಿ ಉಳಿದಿದ್ದ ಪುಟ್ಟ ಹಿತ್ತಾಳೆ ನಟ್ಟನ್ನು ನೋಡಿಕೊಂಡು ಹಣೆ ಚಚ್ಚಿಕೊಂಡ.

"ಏನಾಯ್ತು?"

"ಅರಳಿಸೋಕೆ ಮುಂಚೆ ನಟ್ ತೂರಿಸಿರ್ಬೇಕು. ಅರಳಿದ ಮೇಲೆ ಒಳಗೆ ಹೋಗಲ್ಲ. ಕತ್ತರಿಸಿ ಮತ್ತೆ ಮಾಡ್ಬೇಕು."

ದೊಡ್ಡವರು ಕುರ್ಚಿಯಲ್ಲಿ ಕೂತೇ ಮೂಗು ಅರಳಿಸಿದರು. "ನಟ್ ಮರೆತನಾ? ಇವನಾ? ಮೀಸೆ ಬಂದ ಮೇಲೆ ಮರೆತದ್ದು ಇದೇ ಮೊದಲು. ಚಿಕ್ಕಿ, ಆ ಕಡೆ ಕಿಟಕಿ ತೆಗಿಯಮ್ಮಾ, ನನ್ನ ಮಗನಿಗೆ ಗಾಳಿ ಸಾಲ್ತಿಲ್ಲ."

*

ಪೈಪುಗಳು ಒಂದೊಂದಾಗಿ ವ್ಯಾನಿನ ಹೊಟ್ಟೆಯಡಿ ಸೇರಿದವು. ಅವಳು ಟಾರ್ಚ್ ಹಿಡಿದಳು, ಅವನು ಕ್ಲಿಪ್ಪುಗಳಿಗೆ ಕೂರಿಸಿದ. ಸಂದಿನಲ್ಲಿ ಎದುರಾದಾಗ ಇಬ್ಬರೂ ಅಡ್ಡ ತಿರುಗುತ್ತಿದ್ದರು. ಅವಳು ಈಗ ಸೂರು ನೋಡುತ್ತಿರಲಿಲ್ಲ. ಅವನ ಬಲಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗೆರೆಯಿತ್ತು. ಎಡಗೆನ್ನೆಯ ಮೇಲೆ ಸದಾ ಗ್ರೀಸ್ ಇರುತ್ತಿತ್ತು. ಅವಳು ಬರುವ ಮೊದಲು ಅವನು ಮುಖ ತೊಳೆಯುತ್ತಾನೆಂದೂ ಆ ಜಾಗ ಮಾತ್ರ ಅವನಿಗೆ ಕಾಣುವುದಿಲ್ಲವೆಂದೂ ದೊಡ್ಡವರು ಹೇಳಿಕೊಟ್ಟಿದ್ದರು.

"ಕನ್ನಡಿ ಇಲ್ವಾ ಮನೇಲಿ?" ಎಂದು ಒಮ್ಮೆ ಕೇಳಿದಳು.

"ಇದೆ. ಯಾಕೆ?"

"ಸುಮ್ಮನೆ." ತೋರುಬೆರಳಿನಿಂದ ತನ್ನದೇ ಕೆನ್ನೆ ಒರೆಸಿಕೊಂಡಳು. ಅವನು ಅವಳನ್ನು ನೋಡಿಕೊಂಡು ತನ್ನ ಬಲಗೆನ್ನೆ ಒರೆಸಿಕೊಂಡ. ತಪ್ಪು ಕೆನ್ನೆ. ಅವಳು ಹಾಗೇ ಬಿಟ್ಟಳು. ಅಷ್ಟು ಚೆಂದದ ತಪ್ಪನ್ನು ಯಾರಾದರೂ ತಿದ್ದುತ್ತಾರೆಯೇ?

ಮನೆಗೆ ಹೋದರೆ ಎಲ್ಲವೂ ಪೆಟ್ಟಿಗೆ ಸೇರಿತ್ತು. ಮಕ್ಕಳು ಪೆಟ್ಟಿಗೆಗಳ ನಡುವೆ ಊಟ ಮಾಡಿ ಪೆಟ್ಟಿಗೆಗಳ ನಡುವೆ ಮಲಗುತ್ತಿದ್ದವು. "ಇವತ್ತು ಮುಗೀತಾ, ಚಿಕ್ಕಿ?" ಎಂದು ಅಕ್ಕ ದಿನವೂ ಕೇಳುವಳು. ಬರುತ್ತೀಯಾ ಎಂದು ಯಾವತ್ತೂ ಕೇಳಿರಲಿಲ್ಲ. ತಮ್ಮದೇ ಕೈಯನ್ನು ಯಾರಾದರೂ ನೀನೂ ಬರುತ್ತೀಯಾ ಎಂದು ಕೇಳುತ್ತಾರೆಯೇ? ಅವಳೂ ಬಾಯಿ ಬಿಟ್ಟಿರಲಿಲ್ಲ. ತಲೆ ಬಾಚಿ ಬೆಳೆಸಿದವಳಿಗೆ ನಾನು ಬರುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಮಾತು ಗಂಟಲಿನ ತನಕ ಬಂದು, ನೆಗ್ಗಿದ ಕಡೆ ನಿಂತುಬಿಡುತ್ತಿತ್ತು.

ಕೊನೆಯ ಪೈಪು ಹಿಂದಿನ ಚಕ್ರದ್ದು. ಎಲ್ಲಕ್ಕಿಂತ ಹೆಚ್ಚು ತಿರುವುಗಳಿದ್ದದ್ದು. ಅವನು ಮಧ್ಯಾಹ್ನವೆಲ್ಲಾ ಬಗ್ಗಿಸಿದ. ಒಂದು ತುದಿ ಮುಗಿಯಿತು. ಇನ್ನೊಂದು ತುದಿಯನ್ನು ಅಳೆದು ಕತ್ತರಿಸಿದ, ಅಚ್ಚಿಗೆ ಬಿಗಿದ.

ನಟ್ಟು ಹಲಗೆಯ ಮೇಲೆ ಇತ್ತು. ಅವಳ ಕೈಯ ಹತ್ತಿರವೇ ಇತ್ತು. ಕಿಟಕಿಯ ಬೆಳಕು ಬಿದ್ದು ಹೊಳೆಯುತ್ತಿತ್ತು, ನನ್ನನ್ನು ನೋಡು ಎನ್ನುವ ಹಾಗೆ.

ಅವಳು ನೋಡಿದಳು. ಸುಮ್ಮನಿದ್ದಳು.

ಅವನು ಅಚ್ಚು ತಿರುಗಿಸಿದ. ಒಂದು ಸುತ್ತು ತಿರುಗಿಸಿ ನಿಂತ. ಏನನ್ನೋ ಕಾಯುವವನ ಹಾಗೆ ಗೋಡೆ ನೋಡಿದ. ಮತ್ತೆ ತಿರುಗಿಸಿದ. ತುದಿ ಅರಳಿತು. ಬಿಚ್ಚಿ ಹಲಗೆಯ ಮೇಲಿಟ್ಟ. ಇಬ್ಬರೂ ಆ ನಟ್ಟನ್ನೇ ನೋಡುತ್ತಾ ನಿಂತರು.

"ನಿಮಗೆ ಕಾಣಲಿಲ್ವಾ?" ಅವನು ಕೇಳಿದ.

"ಕಾಣ್ತು."

"ಮತ್ತೆ ಹೇಳಲಿಲ್ಲ."

"ನಿಮಗೆ ಕಾಣಲಿಲ್ವಾ?"

ಅವನು ಬಟ್ಟೆಯಿಂದ ಕೈ ಒರೆಸಿಕೊಂಡ. ಒಂದೊಂದು ಬೆರಳನ್ನೂ ಬೇರೆಬೇರೆಯಾಗಿ ಒರೆಸಿಕೊಂಡ. "ಕಾಣ್ತು," ಎಂದ.

ದೊಡ್ಡವರು ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು, ಅಥವಾ ಹೋದವರ ಹಾಗಿದ್ದರು.

"ಈಗ ಕತ್ತರಿಸಿದ್ರೆ?" ಎಂದಳು.

"ಬೆರಳಗಲ ಗಿಡ್ಡ ಆಗುತ್ತೆ. ಎಟುಕಲ್ಲ. ಹೊಸ ಸುರುಳಿ ತರಿಸ್ಬೇಕು."

"ತರಿಸಿ," ಎಂದಳು. ಆಮೇಲೆ ಪೆಟ್ಟಿಗೆಗಳ ನಡುವೆ ಮುದುಡಿ ಮಲಗಿದ್ದ ಮಕ್ಕಳು ನೆನಪಾದವು. "ಬೇಗ ತರಿಸಿ. ಮನೇಲಿ ಅವರೆಲ್ಲಾ ಕಾಯ್ತಿದಾರೆ. ನಾವು ಮಾಡಿದ್ದು ತಪ್ಪು."

"ಹೌದು."

"ಇನ್ನೊಂದು ಸಲ ಮಾಡಬಾರದು."

"ಇಲ್ಲ."

ಅವನು ಇನ್ನೇನಾದರೂ ಹೇಳುತ್ತಾನೆಂದು ಕಾದಳು. ಅವನ ತುಟಿ ಅಲುಗಿತು ಕೂಡ. ಬಂದ ಮಾತು ಮಾತ್ರ, "ನಿಮ್ಮ ಅಕ್ಕ ಅಂದ್ರೆ ನಿಮಗೆ ಅಮ್ಮನ ಹಾಗೆ. ಇರಿ ಅಂತ ಹೇಳೋಕೆ ನಾನ್ಯಾರು?"

ಅವಳಿಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. ದನಿ ಏರಲಿಲ್ಲ, ಇನ್ನೂ ತಗ್ಗಿತು. "ಅವರು ಬರ್ತೀಯಾ ಅಂತ ಕೇಳಲ್ಲ. ನೀವು ಇರ್ತೀರಾ ಅಂತ ಕೇಳಲ್ಲ. ನಾನೇನು ಸಾಮಾನಾ? ಒಬ್ಬರು ತುಂಬಿಸಿಕೊಂಡು ಹೋಗೋದು, ಇನ್ನೊಬ್ಬರು ನಿಂತು ನೋಡೋದು."

"ನಾನು ಹಾಗಲ್ಲ..."

"ಪೈಪಿಗಾದ್ರೆ ಒಳ್ಳೇ ಮಾತಲ್ಲಿ ಹೇಳ್ತೀರಿ."

ಹೊರಟಳು. ಸಂದಿನಲ್ಲಿ ಅವನೇ ಎದುರಿಗಿದ್ದ. ಅಡ್ಡ ತಿರುಗದೆ ದಾರಿಯಿಲ್ಲ. ಇಬ್ಬರೂ ತಿರುಗಿದರು. ಇಬ್ಬರ ನಡುವೆ ಒಂದು ಉಸಿರಿನಷ್ಟು ಜಾಗ, ಆ ಉಸಿರನ್ನು ಯಾರೂ ಬಿಡಲಿಲ್ಲ.

*

ಹೊಸ ಪೈಪು ಬಂತು. ನಟ್ಟು ಮರೆಯದೆ ಹಾಕಿದರು. ಅವಳೇ ಎತ್ತಿ ಕೊಟ್ಟಳು, ಅವನು ಮಾತಾಡದೆ ತೆಗೆದುಕೊಂಡ. ಈಗ ಉಳಿದದ್ದು ಪೈಪುಗಳೊಳಗಿನ ಗಾಳಿ ತೆಗೆಯುವುದು. ಗಾಳಿ ಒಂದು ಗುಳ್ಳೆ ಉಳಿದರೂ ಪೆಡಲ್ ಮೆತ್ತಗಾಗುತ್ತದೆ, ಬ್ರೇಕ್ ನಂಬುವ ಹಾಗಿಲ್ಲ. ಅದಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಕೆಳಗೆ ಚಕ್ರದ ಬಳಿ ಪುಟ್ಟ ತಿರುಪು ಸಡಿಲಿಸಿ ಗಾಳಿ ಹೋಗಲು ಬಿಟ್ಟು ಮತ್ತೆ ಬಿಗಿಯಬೇಕು.

ಅವಳು ಸೀಟಿನಲ್ಲಿ. ಅವನು ಹಿಂದಿನ ಚಕ್ರದ ಕೆಳಗೆ. ಮುಖ ಕಾಣದು, ದನಿ ಮಾತ್ರ.

"ಒತ್ತಿ."

"ಒತ್ತಿದೀನಿ."

"ಹಿಡ್ಕೊಳ್ಳಿ. ನಾನು ಹೇಳೋ ತನಕ ಕಾಲು ತೆಗೀಬೇಡಿ. ನಡುವೆ ತೆಗೆದ್ರೆ ಗಾಳಿ ಮತ್ತೆ ಒಳಗೆ ಬರುತ್ತೆ." ತಿರುಪಿನ ಕಿರ್ ಸದ್ದು. "ಸರಿ. ತೆಗೀರಿ."

ಮತ್ತೆ ಒತ್ತಿ, ಮತ್ತೆ ಹಿಡ್ಕೊಳ್ಳಿ. ಎದುರಿಗೆ ಗೋಡೆ, ಪಕ್ಕಕ್ಕೆ ಗೋಡೆ, ನಾಳೆ ಮೆಟ್ಟಿಲು. ಅವಳ ಕಣ್ಣು ಮಸುಕಾಯಿತು. ಒರೆಸಿಕೊಳ್ಳಲು ಕೈ ಎತ್ತಿದಳು, ಕಾಲೂ ಜೊತೆಗೇ ಎದ್ದಿತು.

"ಕಾಲು!" ಕೆಳಗಿನಿಂದ ಕೂಗು.

"ಗಾಳಿ ಕುಡೀತು," ಎಂದರು ದೊಡ್ಡವರು ಕುರ್ಚಿಯಿಂದ. "ಇನ್ನು ಮೊದಲಿಂದ."

ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ಹಬೆಯಿಂದ ಕೆಂಪಾದ ಮುಖದಲ್ಲಿ. "ಚಿಕ್ಕಿ, ಇನ್ನೂ ಮುಗೀಲಿಲ್ವಾ? ಮಕ್ಕಳು ಪೆಟ್ಟಿಗೆ ಮೇಲೆ ಪೆಟ್ಟಿಗೆ ಹತ್ತಿ ಕುಣೀತಿದಾವೆ." ಆಮೇಲೆ ತಂಗಿಯ ಮುಖ ನೋಡಿದಳು. "ಅಳ್ತಿದೀಯಾ?"

"ಎಣ್ಣೆ ಹಾರಿತು ಕಣ್ಣಿಗೆ."

"ಎಣ್ಣೆ ಕೆಳಗಿದೆ, ನೀನು ಮೇಲಿದೀಯ." ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಇಳಿ. ನಾನು ಒತ್ತುತ್ತೀನಿ."

"ನೀನಾ?"

"ನಿನಗೆ ಕಲಿಸಿದ್ದು ಯಾರು?"

ಅಕ್ಕ ಆ ಕಡೆಯಿಂದ ಹತ್ತಿ ಸೀಟಿಗೆ ಸರಿದಳು. ಸ್ಟಿಯರಿಂಗ್ ಮೇಲೆ ಕೈಯಿಟ್ಟಳು. ಇಸ್ತ್ರಿ ಕಾವಿಗೆ ಗಡುಸಾದ ಬೆರಳುಗಳು ಅದರ ಸುತ್ತ ತಾವಾಗಿಯೇ ಬಾಗಿದವು. ಚಿಕ್ಕಿ ಟಾರ್ಚ್ ತೆಗೆದುಕೊಂಡು ಕೆಳಗೆ ತೂರಿದಳು, ಅವನ ಪಕ್ಕಕ್ಕೆ, ತಂತಿ ಬಗ್ಗಿಸಿದ ದಿನದ ಅದೇ ಗೋಣಿಯ ಮೇಲೆ.

"ಒತ್ತಿ," ಎಂದ ಅವನು.

"ಒತ್ತಿದೀನಿ," ಎಂದಳು ಅಕ್ಕ ಮೇಲಿನಿಂದ.

"ಹಿಡ್ಕೊಳ್ಳಿ. ನಾನು ಹೇಳೋ ತನಕ ಕಾಲು ತೆಗೀಬೇಡಿ."

ತಿರುಪು ಸಡಿಲವಾಯಿತು. ಗಾಜಿನ ಬಾಟಲಿಯೊಳಗೆ ಇಳಿಬಿಟ್ಟ ಕೊಳವೆಯಲ್ಲಿ ಗುಳ್ಳೆಗಳು ಸಾಲಾಗಿ ಬಂದವು. ಬಿಗಿದ. "ತೆಗೀರಿ." ಮತ್ತೆ. ಗುಳ್ಳೆಗಳು ಕಮ್ಮಿಯಾದವು. ಮತ್ತೆ. ಒಂದೇ ಒಂದು ಗುಳ್ಳೆ, ಸೋಮಾರಿಯ ಹಾಗೆ ಬಂದು ಹೋಯಿತು. ಮತ್ತೆ. ಈಗ ಬರೀ ಎಣ್ಣೆ, ತಿಳಿಯಾದ ಎಣ್ಣೆ.

ಅವನು ತಿರುಪು ಬಿಗಿದ. ಸ್ಪ್ಯಾನರ್ ನೆಲದ ಮೇಲಿಟ್ಟ. ಕೆಲಸ ಮುಗಿದಿತ್ತು.

ತೆಗೀರಿ ಎನ್ನಲಿಲ್ಲ. ಅವಳ ಕಡೆ ತಿರುಗಿದ. ಟಾರ್ಚಿನ ಬೆಳಕು ಅವನ ಎಡಗೆನ್ನೆಯ ಗ್ರೀಸ್ ಮೇಲೆ ಬಿತ್ತು.

"ಇರ್ತೀರಾ?" ಎಂದ.

ಅವಳು ಟಾರ್ಚನ್ನು ಗೋಣಿಯ ಮೇಲಿಟ್ಟಳು.

"ಹೇಳೋಕೆ ನಾನ್ಯಾರು ಅಂತ ಆವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ. ಆದ್ರೆ ಕೇಳ್ತಿದೀನಿ. ನಮ್ಮ ಮನೇಲಿ ಅಪ್ಪನ ಬಾಯಿದೆ, ಅದು ಮುಚ್ಚಲ್ಲ. ನಾನು ದಿನಾ ಸಂಜೆ ಹೀಗೇ ಕರ್ರಗೆ ಬರ್ತೀನಿ. ಇದು ಅಗಲ ಆಗಲ್ಲ, ಈ ಗ್ಯಾರೇಜು. ಆ ದಿನ ನೀವು ತಂತಿ ಬಗ್ಗಿಸಿದ್ರಲ್ಲ, ಆಗಿಂದ ನನಗೆ... ಇಲ್ಲಿ ಉಸಿರಾಡೋಕೆ ಆಗ್ತಿದೆ. ಹೋಗ್ಬೇಕು ಅಂದ್ರೆ ಹೋಗಿ, ಬ್ರೇಕ್ ಗಟ್ಟಿಯಾಗಿದೆ. ಇರ್ತೀರಾ?"

"ಇರ್ತೀನಿ," ಎಂದಳು. ಅಷ್ಟು ಸುಲಭವಾಗಿ ಬಂತು ಮಾತು, ಅವಳಿಗೇ ಆಶ್ಚರ್ಯವಾಯಿತು. ಆಮೇಲೆ ಕಣ್ಣು ತುಂಬಿತು. "ಆದ್ರೆ ಅಕ್ಕನಿಗೆ ಹೇಳೋಕೆ ನನಗಾಗಲ್ಲ. ಅವಳ ಮುಖ ನೋಡ್ಕೊಂಡು ನಾನು ಬರಲ್ಲ ಅನ್ನೋಕೆ... ಆಗಲ್ಲ ನನಗೆ."

ಅವನು ಕೈ ಚಾಚಿದ. ಅವಳ ಕೊರಳ ಬಳಿ ಬಿದ್ದಿದ್ದ ತುಕ್ಕಿನ ಚೂರನ್ನು ಬೆರಳ ತುದಿಯಿಂದ ತೆಗೆದ. ತುಕ್ಕು ಬಂತು, ಬೆರಳು ಮಾತ್ರ ಅಲ್ಲಿಂದ ವಾಪಸ್ ಬರಲಿಲ್ಲ. ಅವಳೂ ಕೊನೆಗೆ ಆ ಎಡಗೆನ್ನೆಯನ್ನು ತನ್ನ ಹೆಬ್ಬೆರಳಿನಿಂದ ಒರೆಸಿದಳು.

ಎಷ್ಟು ಹೊತ್ತು ಹಾಗೆ ಇದ್ದರೋ.

"ತೆಗೀರಿ ಅಂತ ಯಾರಾದ್ರೂ ಹೇಳ್ತೀರಾ?" ಮೇಲಿನಿಂದ ಅಕ್ಕನ ದನಿ ಬಂತು. "ಕಾಲು ಜೋಮು ಹಿಡೀತು."

ಚಿಕ್ಕಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ವ್ಯಾನಿನ ತಗಡು ಎಷ್ಟು ತೆಳುವೆಂದು ಅವಳಿಗೆ ಆವರೆಗೆ ಹೊಳೆದಿರಲಿಲ್ಲ.

ಹೊರಗೆ ತೆವಳಿ ಬಂದಾಗ ಅಕ್ಕ ಸೀಟಿನಲ್ಲೇ ಇದ್ದಳು, ಕಾಲು ಪೆಡಲಿನ ಮೇಲೇ ಇತ್ತು, ಕಣ್ಣು ಗೋಡೆಯ ಮೇಲಿತ್ತು.

"ಅಕ್ಕ."

"ನಾನು ಯಾಕೆ ಕೇಳಲಿಲ್ಲ ಗೊತ್ತಾ?" ಅಕ್ಕ ತಿರುಗಲಿಲ್ಲ. "ಕೇಳಿದ್ರೆ ನೀನು ಬರಲ್ಲ ಅಂದ್ಬಿಡ್ತೀಯ ಅಂತ. ನಿನ್ನ ಮುಖದಲ್ಲಿ ಬರೆದಿತ್ತು. ಓದಬಾರದು ಅಂತ ಬಟ್ಟೆ ನೋಡ್ಕೊಂಡು ನಿಂತಿರ್ತಿದ್ದೆ."

"ವ್ಯಾನ್ ಯಾರು ಓಡಿಸ್ತಾರೆ? ಭಾವನಿಗೆ ಕಣ್ಣು..."

"ನಿಮ್ಮ ಭಾವ ಓಡಿಸಿದ್ರೆ ಸೀದಾ ಮೇಲಿನ ಲೋಕಕ್ಕೆ ಹೋಗ್ತೀವಿ." ಅಕ್ಕ ಸ್ಟಿಯರಿಂಗನ್ನು ಮೆಲ್ಲನೆ ಸವರಿದಳು. "ಇದನ್ನ ಬಿಟ್ಟಾಗ ನನ್ನನ್ನೂ ಯಾರೂ ಕೇಳಲಿಲ್ಲ ಕಣೇ. ಬಿಡ್ತೀಯಾ ಅಂತ ಒಬ್ಬರೂ ಕೇಳಲಿಲ್ಲ. ಕೂತ ಮೇಲೆ ನೆನಪಾಯ್ತು."

ಆಮೇಲೆ ಕೆಳಗೆ ನಿಂತಿದ್ದವನನ್ನು ಅಡಿಯಿಂದ ಮುಡಿಯವರೆಗೆ, ಕಲೆ ಹುಡುಕುವ ಕಣ್ಣಿನಲ್ಲಿ ನೋಡಿದಳು. ಕಲೆಗಳು ಬೇಕಾದಷ್ಟಿದ್ದವು.

"ಈ ಅಂಗಿ ಬಿಳೀದಾ?"

"ಆಗಿತ್ತು," ಎಂದ ಅವನು.

"ಇವಳಿಗೆ ಕೊಡು, ತೆಗೀತಾಳೆ. ಮೇಜು ಹೇಗೂ ಇಲ್ಲೇ ಬಿಡ್ತಿದೀವಿ. ಟೈಲರಮ್ಮನಿಗೆ ನಾನು ಹೇಳ್ತೀನಿ. ಮೇಜಿನ ಜೊತೆ ಇವಳೂ ಇರ್ಲಿ." ಅಷ್ಟು ಹೇಳುವಾಗ ಅಕ್ಕನ ದನಿ ಒಂದು ಕಡೆ ಸಿಕ್ಕಿಕೊಂಡಿತು. ಅವಳು ಕೆಮ್ಮಿ ಅದನ್ನು ದಾಟಿಸಿದಳು. "ಚಿಕ್ಕಿ, ಸರಿ. ಕೇಳಿಬಿಡ್ತೀನಿ. ಬರ್ತೀಯಾ?"

ಇಷ್ಟು ದಿನ ಕಾದದ್ದು ಆ ಮಾತಿಗೆ. ಅದು ಬಂದಾಗ ಇಷ್ಟು ನೋವಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ಇಲ್ಲ, ಅಕ್ಕ."

"ಹ್ಞೂಂ," ಎಂದಳು ಅಕ್ಕ. "ತಲೆ ಸರಿಯಾಗಿ ಬಾಚ್ಕೋ. ಗೋಣಿ ನಾರು ಸಿಕ್ಕಿಕೊಂಡಿದೆ."

ದೊಡ್ಡವರು ಕುರ್ಚಿಯಿಂದ ಕೇಳಿದರು, "ಪೆಡಲ್ ಹೇಗಿದೆಯಮ್ಮಾ?"

"ಕಲ್ಲಿನ ಹಾಗಿದೆ, ಯಜಮಾನ್ರೇ."

"ಹಾಗಾದ್ರೆ ಒಂದು ಸುತ್ತು ಹೋಗಿ ಬಾ. ನಿಂತಲ್ಲೇ ಗಟ್ಟಿ ಇರೋದು ದೊಡ್ಡ ವಿಷಯ ಅಲ್ಲ."

ಅಕ್ಕ ಇಂಜಿನ್ ಚಾಲೂ ಮಾಡಿದಳು. ವ್ಯಾನು ಹಿಂದಕ್ಕೆ ಸರಿಯಿತು, ಗೋಡೆಗಳಿಗೆ ಕೂದಲೆಳೆಯಷ್ಟೂ ತಾಗದ ಹಾಗೆ. ಬೀದಿಗೆ ಬಂದು, ತಿರುಗಿ, ಇಳಿಜಾರಿನ ಮೇಲಕ್ಕೆ ಹತ್ತಿತು. ತಿರುವಿನಲ್ಲಿ ಅದರ ಕೆಂಪು ದೀಪ ಬೆಳಗಿತು. ನಿಂತಿತು. ಚೆನ್ನಾಗಿ ನಿಂತಿತು. ಅದು ಓಡುವುದನ್ನು ಚಿಕ್ಕಿ ಹೊರಗೆ ನಿಂತು ನೋಡಿ ಎಷ್ಟೋ ವರ್ಷವಾಗಿತ್ತು. ಮತ್ತೆ ಹೊರಟು ತಿರುವಿನಲ್ಲಿ ಮರೆಯಾಯಿತು.

ಅವಳು ಹಿಂತಿರುಗಿ ನೋಡಿದಳು. ವ್ಯಾನಿಲ್ಲದ ಗ್ಯಾರೇಜು ಮೈದಾನದ ಹಾಗಿತ್ತು. ಗೋಡೆಯಿಂದ ಗೋಡೆಗೆ ಬರೀ ಬೆಳಕು. ಮೊಳೆಯಲ್ಲಿ ಹ್ಯಾಂಗರ್, ಇನ್ನೊಂದು ಮೊಳೆಯಲ್ಲಿ ಅವಳು ಬಗ್ಗಿಸಿದ ತಂತಿ. ಅವನು ಆ ಕೊನೆಯಿಂದ ಈ ಕಡೆಗೆ ಬರುತ್ತಿದ್ದ, ಅವಳು ಈ ಕೊನೆಯಿಂದ ಆ ಕಡೆಗೆ ಹೊರಟಳು.

ನಡುವೆ ಎದುರಾದರು. ಜಾಗ ಬೇಕಾದಷ್ಟಿತ್ತು. ಇಬ್ಬರೂ ಅಡ್ಡ ತಿರುಗಿದರು.